ಸಮುದ್ರದ ಹದ ಎಣಿಸುವ ಪಿಎಚ್‌ಡಿ

ಪ್ರಶ್ನೆ: ನಾನು ಗುಬ್ಬಿ ತಾಲ್ಲೂಕಿನವನು. ತುಮಕೂರಿನಲ್ಲಿ ಮೆಕ್ಯಾನಿಕಲ್ ಓದಿ ಈಗ ಎಂ.ಟೆಕ್ ಮುಗಿಸುತ್ತಿದ್ದೇನೆ. ಸ್ಕಾಟ್ಲೆಂಡ್‌ನ ಒಂದು ವಿಶ್ವವಿದ್ಯಾಲಯದಲ್ಲಿ ಪಿಎಚ್‌ಡಿಗೆ ಅವಕಾಶ ಸಿಗುವ ಹಾಗಿದೆ. ಒರಟು ಸಮುದ್ರದಲ್ಲಿ ನಿಂತಿರುವ ಗಾಳಿ ವಿದ್ಯುತ್ ಟರ್ಬೈನ್‌ಗಳನ್ನು ರಿಪೇರಿ ಮಾಡುವವರು ತಲುಪುವುದು ಹೇಗೆ ಅನ್ನುವುದು ವಿಷಯ. ಅಪ್ಪನಿಗೆ ಹೇಳಿದರೆ, ‘ದೋಣೀಲಿ ಹೋಗಿ ಏಣಿ ಹತ್ತೋಕೆ ನಾಲ್ಕು ವರ್ಷ ಓದಬೇಕಾ? ನಮ್ಮ ತೋಟದಲ್ಲಿ ಕಾಯಿ ಕೀಳೋನು ಏನು ಓದಿದ್ದಾನೆ?’ ಅಂತ ನಗುತ್ತಾರೆ. ನಾನು ಸಮುದ್ರ ನೋಡಿರುವುದೇ ಎರಡು ಸಲ, ಮಲ್ಪೆಯಲ್ಲಿ. ಇದರಲ್ಲಿ ನಿಜವಾಗಿ ಸಂಶೋಧನೆ ಮಾಡುವಂಥದ್ದು ಏನಿದೆ? ನನ್ನ ಕೈಲಾಗುತ್ತದಾ? ನಮ್ಮ ದೇಶಕ್ಕೆ ಇದು ಉಪಯೋಗಕ್ಕೆ ಬರುತ್ತದಾ?

ಉತ್ತರ: ನಿಮ್ಮ ಪ್ರಶ್ನೆಗಿಂತ ನಿಮ್ಮ ತಂದೆಯ ಪ್ರಶ್ನೆ ಚೆನ್ನಾಗಿದೆ. ಅಲ್ಲಿಂದಲೇ ಶುರು ಮಾಡುತ್ತೇನೆ.

ಕಾಯಿ ಕೀಳುವವನಿಗೆ ಮರ ಅಲ್ಲಾಡದೆ ನಿಂತಿರುತ್ತದೆ. ಕಾಲ ಕೆಳಗಿನ ನೆಲವೂ ನಿಂತಿರುತ್ತದೆ. ಈಗ ಅವನನ್ನು ಒಂದು ಎತ್ತಿನ ಗಾಡಿಯ ಮೇಲೆ ನಿಲ್ಲಿಸಿ. ಆ ಗಾಡಿ ಐದಾರು ಸೆಕೆಂಡಿಗೊಮ್ಮೆ ಎದೆಯೆತ್ತರ ಮೇಲೇಳುತ್ತದೆ, ಇಳಿಯುತ್ತದೆ. ಮೂಕಿಯೂ ಸುಮ್ನೆ ಇರಲ್ಲ, ಅತ್ತಿತ್ತ ವಾಲುತ್ತದೆ. ಮೈಮೇಲೆ ದಪ್ಪ ರಬ್ಬರ್ ಸೂಟು, ಅದರ ಮೇಲೆ ಲೈಫ್ ಜಾಕೆಟ್. ಕೆಳಗೆ 6-7 ಡಿಗ್ರಿಯ ನೀರು. ಗಾಡಿ ಮೇಲೆ ಬಂದು ಒಂದು ಗಳಿಗೆ ನಿಲ್ಲುತ್ತದಲ್ಲ, ಅಷ್ಟರಲ್ಲಿ ಅವನು ಮರ ಹಿಡಿಯಬೇಕು. ಹೆಜ್ಜೆ ತಪ್ಪಿದರೆ ಗಾಡಿಗೂ ಮರಕ್ಕೂ ನಡುವೆ ಸಿಕ್ಕಿಕೊಳ್ಳುತ್ತಾನೆ. ಸಮುದ್ರದ ಟರ್ಬೈನ್ ಹತ್ತುವುದು ಅಂದರೆ ಇದು. ಇಷ್ಟು ಹೇಳಿದರೆ ನಿಮ್ಮ ತಂದೆ ಅರ್ಧ ಒಪ್ಪುತ್ತಾರೆ.

ಇನ್ನರ್ಧ ಒಪ್ಪಿಸಲು ಪಾವಗಡಕ್ಕೆ ಹೋಗಬೇಕು. ತಿರುಮಣಿಯ ಸೋಲಾರ್ ಪಾರ್ಕ್ ನೀವು ನೋಡಿರಬಹುದು. ಸುಮಾರು 13,000 ಎಕರೆ, 2,050 ಮೆಗಾವ್ಯಾಟ್. ಅಲ್ಲಿ ಒಂದು ಇನ್ವರ್ಟರ್ ಕೈಕೊಟ್ಟರೆ ಟೆಕ್ನಿಷಿಯನ್ ಬೈಕ್ ಹತ್ತಿ ಹೋಗುತ್ತಾನೆ. ಶಿರಾ ದಾಟಿ ಚಿತ್ರದುರ್ಗದ ಕಡೆ ಹೋದರೆ ಗುಡ್ಡದ ಮೇಲೆ ಗಾಳಿಯಂತ್ರಗಳು. ಅಲ್ಲಿಗೆ ಜೀಪು ಹೋಗುತ್ತದೆ. ಸೆನ್ಸರ್ ಬದಲಾಯಿಸಿ, ಯಂತ್ರ ರೀಸೆಟ್ ಮಾಡಿ, ಮಧ್ಯಾಹ್ನದ ಊಟಕ್ಕೆ ವಾಪಸ್. ದಾರಿ ಬಗ್ಗೆ ಯಾರೂ ಯೋಚಿಸುವುದೇ ಇಲ್ಲ. ನೆಲದ ಮೇಲಿನ ಟರ್ಬೈನ್‌ಗಳು ವರ್ಷದಲ್ಲಿ ನೂರಕ್ಕೆ 97-98 ಪಾಲು ಸಮಯ ಕೆಲಸಕ್ಕೆ ಸಿದ್ಧ ಇರುವುದಕ್ಕೆ ಈ ದಾರಿಯೇ ಮುಖ್ಯ ಕಾರಣ. ಬ್ರಿಟನ್ ತನ್ನ ಮೊದಲ ಸುತ್ತಿನ ಸ್ಥಾವರಗಳನ್ನು ಸಮುದ್ರದಲ್ಲಿ ಕಟ್ಟಿದಾಗ ಶುರುವಿನ ವರ್ಷಗಳಲ್ಲಿ ಆ ಅಂಕಿ 80ರ ಆಸುಪಾಸಿಗೆ ಇಳಿಯಿತು. ಯಂತ್ರಗಳ ಬಾಲಗ್ರಹ ಸ್ವಲ್ಪ. ಉಳಿದದ್ದು ದಾರಿ. ಅಲ್ಲಿ ದಾರಿ ಕೆಲವು ದಿನ ಇರುತ್ತದೆ, ಕೆಲವು ದಿನ ಇರಲ್ಲ.

ಅಷ್ಟೊಂದು ಸಲ ಯಾಕೆ ಹೋಗಬೇಕು ಅಂತ ಕೇಳಬಹುದು. ಸ್ಕಾಟ್ಲೆಂಡ್‌ನ ಸ್ಟ್ರಾತ್‌ಕ್ಲೈಡ್ ವಿಶ್ವವಿದ್ಯಾಲಯದವರು 2016ರಲ್ಲಿ ಒಂದು ಅಧ್ಯಯನ ಪ್ರಕಟಿಸಿದರು. ಸಮುದ್ರದಲ್ಲಿರುವ ಸುಮಾರು 350 ಟರ್ಬೈನ್‌ಗಳ ರಿಪೇರಿ ದಾಖಲೆ ಅದರ ಆಧಾರ. ಒಂದು ಟರ್ಬೈನ್ ವರ್ಷಕ್ಕೆ ಸರಾಸರಿ ಎಂಟು ಸಲ ಕೆಡುತ್ತದೆ ಅಂತ ಬಂತು. ಹೆಚ್ಚಿನವು ಚಿಲ್ಲರೆ ರಿಪೇರಿ. ನೂರು ಟರ್ಬೈನ್ ಇದ್ದರೆ ವರ್ಷಕ್ಕೆ 800. ಅಂದರೆ ದಿನಕ್ಕೆ ಎರಡಕ್ಕಿಂತ ಜಾಸ್ತಿ. ಒಂದು 8 ಮೆಗಾವ್ಯಾಟ್ ಟರ್ಬೈನ್ ಒಂದು ದಿನ ನಿಂತರೆ, ಗಾಳಿ ಅರ್ಧ ಮಟ್ಟಿಗೆ ಇದೆ ಅಂತ ಇಟ್ಟುಕೊಂಡರೂ, 96,000 ಯೂನಿಟ್ ಹೋಯಿತು. ತಿಂಗಳಿಗೆ ನೂರು ಯೂನಿಟ್ ಉರಿಸುವ 960 ಮನೆಗಳ ಒಂದು ತಿಂಗಳ ಕರೆಂಟು. ಕೆಟ್ಟಿದ್ದು ಮಾತ್ರ ಒಂದು ಸಣ್ಣ ವಾಲ್ವ್.

ಇನ್ನು ಇಡೀ ವಿಷಯದ ತಿರುಳಿಗೆ ಬರುತ್ತೇನೆ. ಅಲೆ ತಗ್ಗಿ ಟರ್ಬೈನ್‌ಗೆ ಹೋಗಿ ಕೆಲಸ ಮಾಡಬಹುದಾದ ಆ ಸ್ವಲ್ಪ ಹೊತ್ತಿಗೆ ಇಂಗ್ಲಿಷ್‌ನಲ್ಲಿ ವೆದರ್ ವಿಂಡೋ ಅನ್ನುತ್ತಾರೆ. ನಾನು ಶಿರಾ ಕಡೆಯವನು. ನನಗೆ ಆ ಮಾತು ಮೊದಲ ಸಲ ಕೇಳಿದಾಗಲೇ ಅರ್ಥವಾಯಿತು, ಯಾಕೆಂದರೆ ನಮ್ಮ ಕಡಲೆಕಾಯಿ ಹೊಲದಲ್ಲಿ ಅದಕ್ಕೆ ಬೇರೆ ಹೆಸರಿತ್ತು. ಹದ.

ಮಳೆ ಬಿದ್ದ ತಕ್ಷಣ ಬಿತ್ತೋಕಾಗಲ್ಲ. ಜಾಸ್ತಿ ಒದ್ದೆ ಇದ್ದರೆ ಕೂರಿಗೆ ಓಡಲ್ಲ. ಒಣಗಿಹೋದರೆ ಬೀಜ ಮೊಳೆಯಲ್ಲ. ನಡುವೆ ಎರಡೋ ಮೂರೋ ದಿನ ನೆಲ ಹದವಾಗಿರುತ್ತದೆ. ಆ ದಿನಗಳಲ್ಲಿ ಬೀಜ, ಕೂರಿಗೆ, ಆಳು ಎಲ್ಲ ಒಟ್ಟಿಗೆ ಸಿಕ್ಕಬೇಕು. ಊರಿಗೆಲ್ಲ ಅದೇ ದಿನ ಟ್ರಾಕ್ಟರ್ ಬೇಕು. ಅರ್ಧ ಹೊಲ ಬಿತ್ತುವಷ್ಟರಲ್ಲಿ ಮತ್ತೆ ಮಳೆ ಬಂದರೆ ಉಳಿದರ್ಧ ಹಾಗೇ ಉಳಿಯಿತು.

ಸಮುದ್ರದಲ್ಲೂ ಇದೇ. ಹತ್ತು ದಿನ ಅಲೆ ಜಾಸ್ತಿ ಇತ್ತು ಅಂದುಕೊಳ್ಳಿ. ಆ ಹೊತ್ತಿಗೆ ನೂರು ಟರ್ಬೈನ್‌ನಲ್ಲಿ ಇಪ್ಪತ್ತೆರಡು ರಿಪೇರಿ ಬಾಕಿ. ಹದ ಬಂತು. ಒಂದು ಬೋಟಿನಲ್ಲಿ ಸಾಮಾನ್ಯವಾಗಿ ಹನ್ನೆರಡು ಟೆಕ್ನಿಷಿಯನ್‌ಗಳು. ಮೂವರ ಗುಂಪು ಮಾಡಿದರೆ ದಿನಕ್ಕೆ ನಾಲ್ಕು ಟರ್ಬೈನ್. ಎಲ್ಲ ಮುಗಿಸಲು ಆರು ದಿನ ಬೇಕು, ಹದ ಇರುವುದು ಎರಡು ದಿನ. ಯಾವುದನ್ನು ಮೊದಲು ಮುಟ್ಟಬೇಕು? ಇನ್ನೊಂದು ಬೋಟು ಬಾಡಿಗೆಗೆ ತರಬೇಕಾ? ತಂದರೆ ಬೇಸಿಗೆಯಲ್ಲಿ ಅದು ಬಂದರಿನಲ್ಲಿ ಸುಮ್ನೆ ಕೂತು ಬಾಡಿಗೆ ತಿನ್ನುತ್ತದೆ. ನೋಡಿ, ಇಲ್ಲೇ ಎರಡು ಪಿಎಚ್‌ಡಿ ಆಯಿತು.

ನಾನು ಶುರುವಿನಲ್ಲಿ ಮಾಡಿದ ತಪ್ಪು ಹೇಳುತ್ತೇನೆ, ನೀವು ಮಾಡಬೇಡಿ. ಇದೇ ವಿಷಯದ ನನ್ನ ಪಿಎಚ್‌ಡಿಯ ಮೊದಲ ವರ್ಷ ನಾನೊಂದು ಸಿಮ್ಯುಲೇಷನ್ ಬರೆದೆ. ಚಳಿಗಾಲದ ತಿಂಗಳಲ್ಲಿ ಮೂರರಲ್ಲಿ ಒಂದು ದಿನ ಹೋಗಬಹುದಾದ ದಿನ ಅಂತ ದಾಖಲೆ ಹೇಳುತ್ತಿತ್ತು. ಸರಿ, ಪ್ರತಿ ದಿನಕ್ಕೂ ಒಂದು ದಾಳ ಉರುಳಿಸಿದೆ. ಒಂದೋ ಎರಡೋ ಬಿದ್ದರೆ ಹೋಗಬಹುದು, ಇಲ್ಲದಿದ್ದರೆ ಇಲ್ಲ. ಉತ್ತರ ಬಹಳ ಚೆಂದ ಬಂತು. ಸರಾಸರಿ ಎರಡು ದಿನ ಕಾದರೆ ಸಾಕು! ಅದನ್ನು ಬೋಟ್ ಓಡಿಸುವ ಒಬ್ಬ ಹಳೆಯ ಮೀನುಗಾರರಿಗೆ ತೋರಿಸಿದೆ. ಅವರು ನಕ್ಕರು. ‘ಚಂಡಮಾರುತಗಳು ನಿನ್ನ ದಾಳ ಕೇಳಿ ಬರುತ್ತಾವಾ?’ ಅನ್ನುವ ಅರ್ಥದ ಮಾತು ಹೇಳಿದರು.

ಅವರು ಹೇಳಿದ್ದನ್ನು ಲೆಕ್ಕದಲ್ಲಿ ನೋಡಿ. ಮೂವತ್ತು ದಿನದಲ್ಲಿ ಹತ್ತು ಒಳ್ಳೆಯ ದಿನ. ಒಂದು ಒಳ್ಳೆಯದು, ಎರಡು ಕೆಟ್ಟದ್ದು, ಮತ್ತೆ ಒಂದು ಒಳ್ಳೆಯದು, ಹೀಗೆ ಹಂಚಿಕೊಂಡಿದ್ದರೆ, ಯಾವುದೋ ಒಂದು ದಿನ ಕೆಟ್ಟ ಟರ್ಬೈನ್ ಸರಾಸರಿ ಒಂದು ದಿನ ಕಾಯುತ್ತದೆ. ಅದೇ ಹತ್ತು ದಿನ ಒಟ್ಟಿಗೆ ಬಂದು, ಮಿಕ್ಕ ಇಪ್ಪತ್ತೂ ಒಟ್ಟಿಗೆ ಕೆಟ್ಟದಾಗಿದ್ದರೆ ಸರಾಸರಿ ಏಳು ದಿನ. ಬೇಕಾದರೆ ಕಾಗದದ ಮೇಲೆ ಲೆಕ್ಕ ಹಾಕಿ. ತಿಂಗಳ ಸರಾಸರಿ ಎರಡರಲ್ಲೂ ಒಂದೇ, ಕಾಯುವುದು ಏಳು ಪಟ್ಟು. ಮುಂಗಾರಿನಲ್ಲಿ ಒಟ್ಟು ಮಳೆ ‘ವಾಡಿಕೆಯಷ್ಟು’ ಅಂತ ಇಲಾಖೆ ಹೇಳಿದರೂ ಬೆಳೆ ಒಣಗಿರುತ್ತದಲ್ಲ, ಹಾಗೆ. ಸಮುದ್ರದಲ್ಲಿ ಕೆಟ್ಟ ದಿನದ ಪಕ್ಕ ಕೆಟ್ಟ ದಿನವೇ ಬರುವುದು ಜಾಸ್ತಿ. ಈ ಅಂಟನ್ನು ಗಣಿತದಲ್ಲಿ ಹಿಡಿಯಲು ಮಾರ್ಕೋವ್ ಸರಪಳಿ, ಮಾಂಟೆ ಕಾರ್ಲೋ ಅಂತೆಲ್ಲ ಇವೆ. ಅವನ್ನು ಅಲ್ಲಿ ಕಲಿಯುತ್ತೀರಿ.

ಇದರ ಮೇಲೆ ಇನ್ನೊಂದು ಪೇಚು. ಗಾಳಿ ಜೋರಾಗಿರುವ ಚಳಿಗಾಲದಲ್ಲೇ ಯಂತ್ರ ಜಾಸ್ತಿ ದುಡಿಯುತ್ತದೆ, ಜಾಸ್ತಿ ಕೆಡುತ್ತದೆ. ಆಗಲೇ ಅಲೆಯೂ ಜಾಸ್ತಿ, ಹೋಗೋಕಾಗಲ್ಲ. ಆಗಲೇ ನಿಂತ ಯಂತ್ರದಿಂದ ನಷ್ಟವೂ ಜಾಸ್ತಿ. ಮೂರೂ ಒಂದೇ ಋತುವಿನಲ್ಲಿ. ನನ್ನ ಪ್ರಕಾರ ಈ ಕ್ಷೇತ್ರದಲ್ಲಿ ನಿಜವಾಗಿ ಕಷ್ಟವಾದದ್ದು ಇದೊಂದೇ. ಉಳಿದದ್ದೆಲ್ಲ ಇದಕ್ಕೆ ಹುಡುಕಿದ ಪರಿಹಾರಗಳು.

‘ಹೋಗಬಹುದಾದ ದಿನ’ ಅಂತ ಯಾರು ಹೇಳಿದ್ದು? ಅಲೆಯ ಎತ್ತರ 1.5 ಮೀಟರ್ ಒಳಗಿದ್ದರೆ ಬೋಟಿನಿಂದ ಟರ್ಬೈನ್‌ಗೆ ದಾಟಬಹುದು ಅನ್ನುವುದು ಬಹಳ ವರ್ಷದಿಂದ ಎಲ್ಲರೂ ಬಳಸುವ ಅಂಕಿ. ಈ 1.5 ಅಂದರೆ ಸಿಗ್ನಿಫಿಕೆಂಟ್ ವೇವ್ ಹೈಟ್. ಬಂದ ಅಲೆಗಳಲ್ಲಿ ದೊಡ್ಡ ಮೂರನೇ ಒಂದು ಭಾಗವನ್ನು ಮಾತ್ರ ತೆಗೆದುಕೊಂಡು ಅವುಗಳ ಸರಾಸರಿ. ಸುಮಾರು ಸಾವಿರ ಅಲೆ ಬಂದರೆ ಅದರಲ್ಲಿ ಅತಿ ದೊಡ್ಡದು ಈ ಅಂಕಿಯ ಹತ್ತಿರ ಹತ್ತಿರ 1.9 ಪಟ್ಟು ಇರುತ್ತದೆ. ಅಂದರೆ 1.5 ಮೀಟರ್‌ನ ಸಮುದ್ರದಲ್ಲಿ ಎರಡು ಮೂರು ಗಂಟೆಯೊಳಗೆ 2.8 ಮೀಟರ್‌ನ ಅಲೆಯೂ ಒಂದು ಬರುತ್ತದೆ. ಅದು ನೀವು ಏಣಿಗೆ ಕೈಹಾಕಿದಾಗಲೇ ಬರಬಾರದು ಅಷ್ಟೇ.

ಎತ್ತರ ಒಂದೇ ಸಾಲದು. ನಾಲ್ಕು ಸೆಕೆಂಡಿಗೊಂದು ಅಲೆ ಬಂದರೆ ಆಳದ ನೀರಿನಲ್ಲಿ ಅದರ ಉದ್ದ ಸುಮಾರು 25 ಮೀಟರ್. ಬೋಟಿನ ಉದ್ದವೂ ಹೆಚ್ಚುಕಮ್ಮಿ ಅಷ್ಟೇ. ಬೋಟು ಏತದ ಹಾಗೆ ಮುಂದೆ ಹಿಂದೆ ಆಡುತ್ತದೆ. ಹತ್ತು ಸೆಕೆಂಡಿಗೊಂದು ಬಂದರೆ ಉದ್ದ 150 ಮೀಟರ್ ದಾಟುತ್ತದೆ. ಇಡೀ ಬೋಟು ಲಿಫ್ಟಿನಂತೆ ನಿಧಾನ ಏರಿ ಇಳಿಯುತ್ತದೆ. ಎರಡಕ್ಕೂ ಹಾಳೆಯ ಮೇಲೆ 1.5 ಅಂತಲೇ ಬರೆದಿರುತ್ತದೆ. ಎರಡೂ ಬೇರೆ ಬೇರೆ ಸಮುದ್ರ.

ಬೋಟು ಟರ್ಬೈನ್‌ಗೆ ಕಟ್ಟಿಕೊಳ್ಳುತ್ತದೆ ಅಂತ ಬಹಳ ಜನ ತಿಳಿದಿದ್ದಾರೆ. ಇಲ್ಲ. ಸಿಟಿವಿ ಅನ್ನುತ್ತಾರೆ ಅದಕ್ಕೆ, ಕ್ರೂ ಟ್ರಾನ್ಸ್‌ಫರ್ ವೆಸೆಲ್. ಅಂಗಡಿಯಲ್ಲಿ ಗಿರಾಕಿಗಳನ್ನು ನೋಡುವ ಕ್ಯಾಮೆರಾ ಅಲ್ಲ. ಎರಡು ಹೊಟ್ಟೆಯ ಬೋಟು, ಮೂತಿಗೆ ದಪ್ಪ ರಬ್ಬರ್. ಟರ್ಬೈನ್ ಕಂಬದಲ್ಲಿ ನೆಟ್ಟಗೆ ಎರಡು ಕೊಳವೆ ಇರುತ್ತವೆ, ನಡುವೆ ಏಣಿ. ಕ್ಯಾಪ್ಟನ್ ರಬ್ಬರನ್ನು ಆ ಕೊಳವೆಗಳಿಗೆ ತಾಗಿಸಿ ಎಂಜಿನ್ ಜೋರು ಮಾಡಿ ಒತ್ತಿ ಹಿಡಿಯುತ್ತಾನೆ. ಜಾರುವ ಗೋಡೆಗೆ ಹೆಗಲು ಕೊಟ್ಟು ನಿಂತ ಹಾಗೆ. ಅಲೆ ಮೇಲೆತ್ತಲು ನೋಡುತ್ತದೆ, ಘರ್ಷಣೆ ಹಿಡಿದು ನಿಲ್ಲಿಸುತ್ತದೆ. ಅಲೆಯ ಬಲ ಘರ್ಷಣೆಯನ್ನು ಮೀರಿದ ಕ್ಷಣ ಬೋಟು ಥಟ್ ಅಂತ ಜಾರುತ್ತದೆ. ಒಂದನೇ ಪಿಯುಸಿಯ ಫಿಸಿಕ್ಸ್ ಇದು. ಆದರೆ ಕೊಳವೆಯ ಮೇಲೆ ಪಾಚಿ ಬೆಳೆದಿದ್ದರೆ? ರಬ್ಬರ್ ಹಳೆಯದಾಗಿದ್ದರೆ? ಪ್ರವಾಹ ಅಡ್ಡಡ್ಡ ಎಳೆಯುತ್ತಿದ್ದರೆ? ಕ್ಯಾಪ್ಟನ್‌ಗೆ ಹದಿನೈದು ವರ್ಷದ ಅನುಭವ ಇದ್ದರೆ, ಅಥವಾ ಹದಿನೈದು ದಿನದ್ದಾಗಿದ್ದರೆ? 1.5 ಅನ್ನುವುದು ಗೋಡೆ ಅಲ್ಲ, ಇಳಿಜಾರು. 1.4ರಲ್ಲಿ ಆಗದ ದಿನವೂ ಇದೆ, 1.8ರಲ್ಲಿ ಸಲೀಸಾಗಿ ಆದ ದಿನವೂ ಇದೆ. ಒಂದೇ ಅಂಕಿಯ ಬದಲು, ‘ಈ ಎತ್ತರ, ಈ ಅವಧಿ, ಈ ದಿಕ್ಕಿನ ಅಲೆಯಲ್ಲಿ ದಾಟಲು ಸಾಧ್ಯವಾಗುವ ಸಂಭವ ಎಷ್ಟು’ ಅಂತ ಹೇಳುವುದು ಒಳ್ಳೆಯ ಸಂಶೋಧನೆ. ನಿಮ್ಮ ವಿಷಯ ಬಹುಶಃ ಇದರ ಸುತ್ತಲೇ ಇರುತ್ತದೆ.

ಪಿಎಚ್‌ಡಿ ಮಾಡಿ ಏನು ಸಿಕ್ಕಿತು ಅಂತ ಕೇಳುವವರಿಗೆ ನಾನು ಹೇಳುವ ಉದಾಹರಣೆ ನೆದರ್‌ಲೆಂಡ್ಸ್‌ನ ಡೆಲ್ಫ್ಟ್‌ನದು. 2002ರಲ್ಲಿ ಬರ್ಲಿನ್‌ನಲ್ಲಿ ನಡೆದ ಕಡಲ ಗಾಳಿ ವಿದ್ಯುತ್ ಸಮ್ಮೇಳನದ ಹೊತ್ತಿಗೆ ಡೆಲ್ಫ್ಟ್ ತಾಂತ್ರಿಕ ವಿಶ್ವವಿದ್ಯಾಲಯದ ಯಾನ್ ವಾನ್ ಡರ್ ಟೆಂಪೆಲ್‌ ಅವರಿಗೆ ಒಂದು ಆಲೋಚನೆ ಬಂತು. ವಿಮಾನ ಕಲಿಸುವ ಸಿಮ್ಯುಲೇಟರ್ ನೋಡಿದ್ದೀರಲ್ಲ? ನೆಲ ಅಲ್ಲಾಡದು, ಆರು ಹೈಡ್ರಾಲಿಕ್ ಕಾಲುಗಳು ಮೇಲಿನ ಡಬ್ಬಿಯನ್ನು ಅಲ್ಲಾಡಿಸುತ್ತವೆ. ಇದನ್ನು ತಿರುಗಿಸಿದರೆ? ಕೆಳಗೆ ಹಡಗು ಅಲ್ಲಾಡಲಿ, ಆರು ಕಾಲುಗಳು ಅದಕ್ಕೆ ವಿರುದ್ಧವಾಗಿ ಅಲ್ಲಾಡಿ ಮೇಲಿನ ಕಟ್ಟೆಯನ್ನು ಅಲ್ಲಾಡದಂತೆ ಇಡಲಿ. ಬರ್ಲಿನ್‌ನ ಟ್ರಾಫಿಕ್ ಸಿಗ್ನಲ್‌ನಲ್ಲಿ ನಡೆಯುವ ಪುಟ್ಟ ಮನುಷ್ಯನ ಹೆಸರನ್ನೇ ಅದಕ್ಕೆ ಇಟ್ಟರು, ಆಂಪೆಲ್‌ಮಾನ್. ಅದನ್ನು ಕಟ್ಟಿ ಬೆಳೆಸಿದ ಕೆಲಸವೇ ಡೇವಿಡ್ ಸೆರ್ಡಾ ಸಾಲ್ಜ್‌ಮನ್ ಅವರ 2010ರ ಪಿಎಚ್‌ಡಿ ಪ್ರಬಂಧ. 2008ರಲ್ಲಿ ಕಂಪನಿ ಶುರುವಾಗಿತ್ತು, ಪ್ರಬಂಧ ಆಮೇಲೆ ಬಂತು! ಈಗ ದೊಡ್ಡ ಹಡಗುಗಳಿಂದ ಇಂಥ ಸೇತುವೆ ಚಾಚಿ, ಜನ ನಡೆದುಕೊಂಡೇ ಟರ್ಬೈನ್‌ಗೆ ಹೋಗುತ್ತಾರೆ. 1.5ರ ಮಿತಿ 2.5, 3 ಮೀಟರ್‌ಗೆ ಏರಿದೆ.

ಹಾಗಾದರೆ ಎಲ್ಲರೂ ಅದನ್ನೇ ಬಳಸಬಾರದಾ? ದುಡ್ಡು. ಅಂಥ ಹಡಗು 80-90 ಮೀಟರ್ ಉದ್ದ, ಒಳಗೆ ಮಲಗುವ ಕೋಣೆ, ಅಡುಗೆಮನೆ, ವರ್ಕ್‌ಶಾಪ್. ಎರಡು ವಾರ, ನಾಲ್ಕು ವಾರ ಸಮುದ್ರದಲ್ಲೇ ಇರುತ್ತದೆ. ದಡಕ್ಕೆ ಹತ್ತಿರದ ಸಣ್ಣ ಸ್ಥಾವರಕ್ಕೆ ಅದು ಆನೆ ಸಾಕಿದ ಹಾಗೆ. ಜಗತ್ತಿನ ಮೊದಲ ಕಡಲ ಗಾಳಿ ಸ್ಥಾವರ ಡೆನ್ಮಾರ್ಕ್‌ನ ವಿಂಡೆಬಿ. 1991ರಲ್ಲಿ 11 ಟರ್ಬೈನ್, ಒಂದೊಂದು 450 ಕಿಲೋವ್ಯಾಟ್, ದಡದಿಂದ ಕಣ್ಣಿಗೆ ಕಾಣುವಷ್ಟೇ ದೂರ. ಇಂಗ್ಲೆಂಡಿನ ಹಾರ್ನ್‌ಸೀ ಒನ್ ದಡದಿಂದ ಸುಮಾರು 120 ಕಿಲೋಮೀಟರ್, ತುಮಕೂರಿನಿಂದ ಚಿತ್ರದುರ್ಗಕ್ಕೆ ಹೋದಷ್ಟು. ಅಲ್ಲಿ 174 ಟರ್ಬೈನ್. ಬೋಟಿನಲ್ಲಿ ಹೋಗೋಕೆ ಮೂರು ಗಂಟೆ, ಬರೋಕೆ ಮೂರು ಗಂಟೆ. ಹನ್ನೆರಡು ಗಂಟೆಯ ಪಾಳಿಯಲ್ಲಿ ಕೆಲಸಕ್ಕೆ ಉಳಿದದ್ದು ಅರ್ಧ. ಅಷ್ಟು ದೂರಕ್ಕೆ ಆನೆ ಸಾಕಲೇಬೇಕು. ಯಾವ ದೂರದಲ್ಲಿ ಬೋಟು ಸಾಕು, ಎಲ್ಲಿಂದ ಹಡಗು ಬೇಕು, ಇವೆರಡರ ಜೊತೆ ಹೆಲಿಕಾಪ್ಟರ್ ಯಾವಾಗ ಲಾಭ, ಇದೂ ದೊಡ್ಡ ಲೆಕ್ಕ. ಹೆಲಿಕಾಪ್ಟರ್‌ಗೆ ಅಲೆಯ ಚಿಂತೆ ಇಲ್ಲ, ಹಗ್ಗದಲ್ಲಿ ಜನರನ್ನು ಟರ್ಬೈನ್ ತಲೆಯ ಮೇಲೇ ಇಳಿಸುತ್ತದೆ. ಆದರೆ ಮಂಜು ಕವಿದರೆ ಕೂತುಬಿಡುತ್ತದೆ, ಭಾರದ ಸಾಮಾನು ಒಯ್ಯಲ್ಲ.

ಭಾರದ ಸಾಮಾನು ಕೆಟ್ಟರೆ ಏನಾಗುತ್ತದೆ ಅನ್ನುವುದಕ್ಕೆ ಡೆನ್ಮಾರ್ಕ್‌ನ ಹಾರ್ನ್ಸ್ ರೆವ್ ಪಾಠ. 2002ರಲ್ಲಿ ಕಟ್ಟಿದ 80 ಟರ್ಬೈನ್. ಟ್ರಾನ್ಸ್‌ಫಾರ್ಮರ್, ಜನರೇಟರ್‌ಗಳ ತೊಂದರೆಯಿಂದ 2004ರಲ್ಲಿ ಅವುಗಳ ತಲೆಗಳನ್ನು ಇಳಿಸಿ ದಡಕ್ಕೆ ತಂದು ಸರಿಮಾಡಿ ಮತ್ತೆ ಏರಿಸಬೇಕಾಯಿತು. ಅದು ಬೋಟು, ಏಣಿಯ ಕೆಲಸ ಅಲ್ಲ. ಸಮುದ್ರದ ತಳಕ್ಕೆ ಕಾಲೂರಿ ನಿಲ್ಲುವ ಕ್ರೇನ್ ಹಡಗಿನದು. ತೇಲುವ ಟರ್ಬೈನ್‌ಗಳು ಇನ್ನೊಂದು ಕಥೆ. ಸ್ಕಾಟ್ಲೆಂಡ್‌ನ ಪೀಟರ್‌ಹೆಡ್ ಆಚೆ 2017ರಿಂದ ಐದು ತೇಲುತ್ತಿವೆ. ಅಲ್ಲಿ ಗಾಡಿಯೂ ಕುಣಿಯುತ್ತದೆ, ಮರವೂ ಕುಣಿಯುತ್ತದೆ. ನಿಮ್ಮ ಗೈಡ್ ಅದರ ಮೇಲೆ ಕೆಲಸ ಮಾಡುತ್ತಿದ್ದರೆ ಬಿಡಬೇಡಿ, ಹೊಸ ನೆಲ ಅದು.

ಇನ್ನು ಹೊಟ್ಟೆಯ ವಿಷಯ. ಇದನ್ನು ಎಂಜಿನಿಯರ್‌ಗಳು ಬಹಳ ಕಾಲ ಲೆಕ್ಕಕ್ಕೇ ತೆಗೆದುಕೊಳ್ಳಲಿಲ್ಲ. ನಾನು ಮೊದಲ ಸಲ ಸಿಟಿವಿ ಹತ್ತಿದ ದಿನ ಅಲೆ 1.2 ಮೀಟರ್. ನನ್ನ ಮಾಡೆಲ್ ಪ್ರಕಾರ ಸುಗಮವಾದ ದಿನ. ನಲವತ್ತು ನಿಮಿಷದಲ್ಲಿ ನಾನು ಪ್ಲಾಸ್ಟಿಕ್ ಚೀಲಕ್ಕೆ ಮುಖ ಹಾಕಿ ಕೂತಿದ್ದೆ. ಆಗುಂಬೆ ಘಾಟಿಯ ಬಸ್ಸಿನಲ್ಲಿ ಮೂಸುವಂತೆ ಮೂಸಲು ಒಂದು ನಿಂಬೆಹಣ್ಣು ಕೂಡ ಇರಲಿಲ್ಲ. ಟರ್ಬೈನ್ ಬಂತು. ಹುಡುಗರು ದಾಟಿದರು. ಅವರಲ್ಲೂ ಇಬ್ಬರ ಮುಖ ಬಿಳಿಚಿತ್ತು. ಅಂಥ ಮನುಷ್ಯ ಎಂಬತ್ತು ಮೀಟರ್ ಮೇಲೆ ಹೋಗಿ ಎಷ್ಟು ಚೆನ್ನಾಗಿ ಬೋಲ್ಟ್ ಬಿಗಿಯುತ್ತಾನೆ? ಮಾಡೆಲ್‌ನಲ್ಲಿ ಅವನು ‘ತಲುಪಿದ’ ಅಷ್ಟೇ. ಐದಾರು ಸೆಕೆಂಡಿಗೊಮ್ಮೆ ಏರಿಳಿಯುವ ಚಲನೆಯೇ ಮನುಷ್ಯನಿಗೆ ಅತಿ ಹೆಚ್ಚು ವಾಕರಿಕೆ ತರುವುದು. ಇದನ್ನು ಅಳೆಯಲು ಐಎಸ್‌ಒ 2631 ಅನ್ನುವ ಮಾನದಂಡವೇ ಇದೆ. ಬೋಟಿನ ವೇಗ ಸ್ವಲ್ಪ ತಗ್ಗಿಸಿ, ದಾರಿ ಸ್ವಲ್ಪ ತಿರುಗಿಸಿ, ಹತ್ತು ನಿಮಿಷ ತಡವಾದರೂ ಜನ ಗಟ್ಟಿಯಾಗಿ ತಲುಪಿದರೆ ಆ ದಿನದ ಕೆಲಸ ಜಾಸ್ತಿ ಆಗುತ್ತದಾ? ಈ ಬಗೆಯ ಪ್ರಶ್ನೆಗಳು ಈಗೀಗ ಬರುತ್ತಿವೆ. ನನಗೆ ಬಹಳ ಇಷ್ಟವಾದವು ಇವೇ.

ಹೋದವರು ವಾಪಸ್ ಬರಬೇಕು ಅನ್ನುವುದನ್ನೂ ಮರೆಯಬೇಡಿ. ಬೆಳಗ್ಗೆ ಆರಕ್ಕೆ ಅಲೆ 1.1 ಇತ್ತು ಅಂತ ಬಿಟ್ಟು ಬಂದು, ಸಂಜೆ ನಾಲ್ಕಕ್ಕೆ 2 ಆದರೆ ಅವರು ಟರ್ಬೈನ್ ಒಳಗೇ ರಾತ್ರಿ ಕಳೆಯಬೇಕು. ಅದಕ್ಕೆಂದೇ ಅಲ್ಲಿ ನೀರು, ಒಣ ಆಹಾರ, ಮಲಗುವ ಚೀಲ ಇಟ್ಟಿರುತ್ತಾರೆ. ಬೆಳಗಿನ ಆ ಒಂದು ತೀರ್ಮಾನ, ಹೋಗೋಣವೋ ಬೇಡವೋ ಅನ್ನುವುದು, ಮುನ್ಸೂಚನೆಯ ಮೇಲೆ ನಿಂತಿದೆ. ಮುನ್ಸೂಚನೆ ತಪ್ಪಿದರೆ ಎರಡು ಬಗೆಯ ನಷ್ಟ. ಹೋಗಬಾರದಾಗಿದ್ದ ದಿನ ಹೋಗುವುದು, ಹೋಗಬಹುದಾಗಿದ್ದ ದಿನ ಮನೆಯಲ್ಲಿ ಕೂರುವುದು. ಎರಡರ ಬೆಲೆ ಒಂದೇ ಅಲ್ಲ. ಕೊನೆಯ ಮಾತು ಮಾತ್ರ ಕ್ಯಾಪ್ಟನ್‌ದು, ಕಂಪ್ಯೂಟರ್‌ನದಲ್ಲ. ಹಾಗೇ ಇರಬೇಕು.

ಭಾರತದ ಮಾತು. ನಮ್ಮ ಸಮುದ್ರದಲ್ಲಿ ಇಂಥ ಸ್ಥಾವರ ಇನ್ನೂ ಎದ್ದಿಲ್ಲ. 2015ರಲ್ಲಿ ರಾಷ್ಟ್ರೀಯ ನೀತಿ ಬಂತು. 2024ರ ಜೂನ್‌ನಲ್ಲಿ ಕೇಂದ್ರ ಸಂಪುಟ 7,453 ಕೋಟಿ ರೂಪಾಯಿಯ ನೆರವಿನ ಯೋಜನೆ ಒಪ್ಪಿತು. ಗುಜರಾತ್ ಕಡಲಲ್ಲಿ 500 ಮೆಗಾವ್ಯಾಟ್, ತಮಿಳುನಾಡು ಕಡಲಲ್ಲಿ 500. ಹಾಗಾಗಿ ಪಿಎಚ್‌ಡಿ ಮುಗಿಸಿದ ಮರುದಿನ ತುಮಕೂರಿನಲ್ಲಿ ಕೆಲಸ ಕಾದಿರುತ್ತದೆ ಅಂದುಕೊಳ್ಳಬೇಡಿ. ಯುರೋಪಿನಲ್ಲಿ ಕೆಲಸಗಳಿವೆ. ಬೋಟು ಕಂಪನಿ, ಟರ್ಬೈನ್ ಕಂಪನಿ, ಸ್ಥಾವರ ನಡೆಸುವವರು, ಎಲ್ಲರಿಗೂ ಈ ಲೆಕ್ಕ ಬಲ್ಲವರು ಬೇಕು.

ಆದರೆ ಸಂಶೋಧನೆಯ ಕಣ್ಣಿನಿಂದ ನಮ್ಮ ಕಡಲು ಬಹಳ ಸ್ವಾರಸ್ಯ. ಬ್ರಿಟನ್‌ಗೂ ಡೆನ್ಮಾರ್ಕ್‌ಗೂ ನಡುವಿನ ಉತ್ತರ ಸಮುದ್ರದಲ್ಲಿ ಚಳಿಗಾಲದ ಬಿರುಗಾಳಿಗಳು ಬಂದು ಹೋಗುತ್ತವೆ. ನಡುನಡುವೆ ಒಂದಿಷ್ಟು ಗಂಟೆ ಹದ ಸಿಗುತ್ತದೆ. ನಮ್ಮ ಪಶ್ಚಿಮ ಕರಾವಳಿಯಲ್ಲಿ ಮುಂಗಾರು ಕೂತರೆ ಕೂತಿತು. ನಮ್ಮ ಕರಾವಳಿಯಲ್ಲಿ ಜೂನ್ 1ರಿಂದ ಜುಲೈ 31ರವರೆಗೆ 61 ದಿನ ಯಾಂತ್ರಿಕ ಮೀನುಗಾರಿಕೆ ನಿಲ್ಲುತ್ತದಲ್ಲ. ಅದು ಮೀನಿನ ಮರಿಗಳಿಗಾಗಿ ಇರುವ ನಿಯಮ ಹೌದು. ಆದರೆ ನಿಯಮ ಇಲ್ಲದಿದ್ದರೂ ಆ ಕಡಲಿಗೆ ದೋಣಿ ಇಳಿಸುವುದು ಸುಲಭ ಅಲ್ಲ ಅಂತ ಮಲ್ಪೆಯಲ್ಲಿ ಯಾರನ್ನು ಕೇಳಿದರೂ ಹೇಳುತ್ತಾರೆ. ಅದೇ ತಿಂಗಳುಗಳಲ್ಲಿ ಗಾಳಿಯೂ ಜೋರು. ವರ್ಷದ ಕರೆಂಟಿನ ದೊಡ್ಡ ಪಾಲು ಆಗಲೇ ಬರಬೇಕು. ಗುಜರಾತಿನ ಖಂಭಾತ್ ಕೊಲ್ಲಿಯ ಒಳಭಾಗದಲ್ಲಿ ಉಬ್ಬರ ಇಳಿತದ ಅಂತರ 10 ಮೀಟರ್ ಮುಟ್ಟುತ್ತದೆ. ಅಲ್ಲಿ ಏಣಿಯ ಬುಡವೇ ದಿನಕ್ಕೆ ಎರಡು ಸಲ ನೀರೊಳಗೆ ಹೋಗಿ ಬರುತ್ತದೆ. ಯುರೋಪಿನ ಮಾಡೆಲ್ ತಂದು ಇಲ್ಲಿಯ ಅಲೆಯ ಅಂಕಿ ತುಂಬಿದರೆ ಸಾಲದು. ಕೆಟ್ಟ ದಿನಗಳು ಅಂಟಿಕೊಳ್ಳುವ ರೀತಿಯೇ ಬೇರೆ. ಬಹುಶಃ ಇಲ್ಲಿಗೆ ಬೇಕಾಗುವುದು ‘ಮುಂಗಾರಿಗೆ ಮೊದಲೇ ಎಲ್ಲ ರಿಪೇರಿ ಮುಗಿಸಿ, ನಾಲ್ಕು ತಿಂಗಳು ಮುಟ್ಟದೆ ನಡೆಸುವ’ ಯೋಜನೆ. ಯಾರಾದರೂ ಅದನ್ನು ಸರಿಯಾಗಿ ಲೆಕ್ಕ ಹಾಕಬೇಕು. ನೀವೇ ಯಾಕಾಗಬಾರದು?

ಸೀಟು ಒಪ್ಪಿಕೊಳ್ಳುವ ಮೊದಲು ಗೈಡ್‌ಗೆ ಒಂದು ಪ್ರಶ್ನೆ ಕೇಳಿ. ಡೇಟಾ ಎಲ್ಲಿಂದ ಬರುತ್ತದೆ? ಯಾವ ಟರ್ಬೈನ್ ಯಾವಾಗ ಕೆಟ್ಟಿತು, ಯಾವ ಬೋಟು ಯಾವ ಅಲೆಯಲ್ಲಿ ದಾಟಿಸಿತು, ಯಾವ ದಿನ ಅರ್ಧ ದಾರಿಯಿಂದ ತಿರುಗಿತು, ಇವು ಕಂಪನಿಗಳ ಪೆಟ್ಟಿಗೆಯಲ್ಲಿ ಇರುತ್ತವೆ. ನನ್ನ ಕಾಲದಲ್ಲಿ ಒಂದು ಕಂಪನಿ ‘ಕೊಡುತ್ತೇವೆ’ ಅಂತ ಒಂದೂವರೆ ವರ್ಷ ಕಾಯಿಸಿತು. ಕೊನೆಗೆ ಕೊಟ್ಟಿದ್ದು ತಿಂಗಳ ಸರಾಸರಿ. ತಿಂಗಳ ಸರಾಸರಿ ಎಷ್ಟು ಉಪಯೋಗ ಅಂತ ನಿಮಗೀಗ ಗೊತ್ತಲ್ಲ! ಡೇಟಾದ ಒಪ್ಪಂದಕ್ಕೆ ಸಹಿ ಆಗಿದೆಯಾ, ಬರೆದದ್ದನ್ನು ಪ್ರಕಟಿಸಲು ಬಿಡುತ್ತಾರಾ, ಬೋಟಿನಲ್ಲಿ ನಾಲ್ಕು ದಿನವಾದರೂ ಹೋಗಲು ಬಿಡುತ್ತಾರಾ. ಮೂರಕ್ಕೂ ‘ನೋಡೋಣ’ ಅನ್ನುವ ಉತ್ತರ ಬಂದರೆ ನಾನಾಗಿದ್ದರೆ ಬೇರೆ ಕಡೆ ನೋಡುತ್ತಿದ್ದೆ. ಹೊರದೇಶದವರ ಫೀಸು ಪೂರ್ತಿ ಅವರೇ ಕಟ್ಟುತ್ತಾರಾ ಅನ್ನುವುದನ್ನೂ ಬಾಯಿಮಾತಲ್ಲಿ ಬೇಡ, ಬರಹದಲ್ಲಿ ಪಡೆಯಿರಿ.

ಅಷ್ಟರೊಳಗೆ ಮನೆಯಲ್ಲೇ ಕೂತು ಒಂದು ಕೆಲಸ ಮಾಡಿ. ಯುರೋಪಿನ ಹವಾಮಾನ ಕೇಂದ್ರದ ಇಆರ್‌ಎ5 ಅನ್ನುವ ಡೇಟಾ ಉಚಿತ. 1940ರಿಂದ ಈಚೆಗೆ ಗಂಟೆ ಗಂಟೆಯ ಅಲೆಯ ಎತ್ತರ ಅದರಲ್ಲಿದೆ. ಮಲ್ಪೆಯ ಆಚೆ ಸಮುದ್ರದಲ್ಲಿ ಒಂದು ಬಿಂದು, ಸ್ಕಾಟ್ಲೆಂಡ್‌ನ ಪೂರ್ವಕ್ಕೆ ಒಂದು ಬಿಂದು ತೆಗೆದುಕೊಳ್ಳಿ. ಅಲೆ 1.5 ಮೀಟರ್ ಒಳಗೆ ಸತತ ಹತ್ತು ಗಂಟೆ ಇದ್ದದ್ದು ಎಷ್ಟು ಸಲ, ಒಂದು ಹದಕ್ಕೂ ಇನ್ನೊಂದಕ್ಕೂ ನಡುವೆ ಎಷ್ಟು ದಿನ, ತಿಂಗಳುವಾರು ಎಣಿಸಿ. ಮಲ್ಪೆಯ ಜನವರಿ ನಿಮ್ಮನ್ನು ಸೋಮಾರಿ ಮಾಡುತ್ತದೆ, ಜುಲೈ ಗಾಬರಿ ಹುಟ್ಟಿಸುತ್ತದೆ. ಪೈಥಾನ್ ಬಂದರೆ ಒಂದು ವಾರದ ಕೆಲಸ. ಆ ಎರಡು ಚಿತ್ರಗಳನ್ನು ಸಂದರ್ಶನಕ್ಕೆ ಒಯ್ಯಿರಿ. ಸಮುದ್ರ ಎರಡೇ ಸಲ ನೋಡಿದ್ದೀರಿ ಅನ್ನುವುದು ಆಮೇಲೆ ಯಾರಿಗೂ ನೆನಪಿರಲ್ಲ. ತಂದೆಗೂ ತೋರಿಸಿ. ಮಳೆಯ ಲೆಕ್ಕ ಬಲ್ಲವರಿಗೆ ಅದನ್ನು ಓದಲು ಹೇಳಿಕೊಡಬೇಕಾಗಿಲ್ಲ.

ಈಜು ಬರುತ್ತದಾ ಅಂತ ನೀವು ಕೇಳಿಲ್ಲ, ಆದರೆ ಕೇಳಬೇಕಿತ್ತು. ಬೋಟು ಹತ್ತುವ ಮೊದಲು ಕಡಲಲ್ಲಿ ಬದುಕುಳಿಯುವ ತರಬೇತಿ ಕೊಡುತ್ತಾರೆ, ದೊಡ್ಡ ಕೊಳದಲ್ಲಿ. ನಾನು ಊರ ಬಾವಿಯಲ್ಲಿ ಸೊಂಟಕ್ಕೆ ಸೋರೆ ಬುರುಡೆ ಕಟ್ಟಿಕೊಂಡು ಕಲಿತವನು. ಅಲ್ಲಿ ಸೂಟು ಹಾಕಿಕೊಂಡ ಮೇಲೆ ಮುಳುಗಲು ಪ್ರಯತ್ನಿಸಿದರೂ ಆಗಲಿಲ್ಲ. ಕಷ್ಟವಾದದ್ದು ನೀರಿನಿಂದ ತೇಲುವ ತೆಪ್ಪಕ್ಕೆ ಹತ್ತುವುದು, ಮೂರು ಸಲ ಜಾರಿ ಬಿದ್ದೆ. ತೋಳಿಗೆ ಸ್ವಲ್ಪ ಶಕ್ತಿ ಬೇಕು. ತೋಟದಲ್ಲಿ ಕಾಯಿ ಕೀಳುವವರ ಹತ್ತಿರ ಒಂದೆರಡು ತಿಂಗಳು ಮರ ಹತ್ತೋದು ಕಲಿತುಬಿಡಿ.